ಶಸ್ತ್ರಚಿಕಿತ್ಸೆಯಾದ ಮಗುವೂ ಹೆತ್ತವರೂ

ಆಸ್ಪತ್ರೆಯೆಂದೊಡನೆ ನಮ್ಮ ಮನಸ್ಸಿನ ಮುಂದೆ ಸುಳಿಯುವವರು ವೈದ್ಯರು, ದಾದಿಯರು ಮತ್ತು ರೋಗಿ. ಈ ಮೂವರ ಜೊತೆಗೆ ನಾಲ್ಕನೆಯವರೂ ಅಲ್ಲಿರುತ್ತಾರೆ. ಅವರಿಗೆ ಬಿಳಿಯ ಕೋಟಿಲ್ಲ, ಮಲಗಲು ಮಂಚವಿಲ್ಲ. ಕೇಸ್ ಷೀಟಿನಲ್ಲಿ ತಂದೆಯ ಹೆಸರು, ತಾಯಿಯ ಹೆಸರು ಎಂಬ ಒಂದು ಸಾಲಿನ ಹೊರತು ಅವರ ಸುದ್ದಿಯೇ ಇಲ್ಲ. ರೋಗಿಯು ಎಳೆಯ ಮಗುವಾಗಿದ್ದರೆ ಹಗಲಿರುಳೂ ಹಾಸಿಗೆಯ ಮಗ್ಗುಲಲ್ಲಿ ಕುಳಿತಿರುವವರು ಇವರೇ. ಶಸ್ತ್ರವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಹೆತ್ತವರ ಕೆಲಸ ಆಗ ಆರಂಭವಾಗುತ್ತದೆ. ಆ ಕೆಲಸವೇನು, ಅದು ಏಕೆ ಕಷ್ಟ, ಅದಕ್ಕೆ ಯಾರು ಹೇಗೆ ಹೆಗಲು ಕೊಡಬಹುದು ಎಂಬುದನ್ನು ತಿಳಿದಷ್ಟು ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಚರಿತ್ರೆಯನ್ನೂ ಸಮಾಜಶಾಸ್ತ್ರವನ್ನೂ ಓದುವವನು. ಆದರೆ ನನ್ನ ಅಕ್ಕನ ಮೂರು ವರ್ಷದ ಮಗನಿಗೆ ಬೆಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಹನ್ನೊಂದು ದಿನ ಅವರ ಜೊತೆಗಿದ್ದೆ. ಅಲ್ಲಿ ಕಂಡದ್ದು, ವೈದ್ಯರನ್ನು ಕೇಳಿ ತಿಳಿದದ್ದು, ಆಮೇಲೆ ಓದಿದ್ದು, ಇವೆಲ್ಲ ಇಲ್ಲಿ ಕೂಡಿಕೊಂಡಿವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದವರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ಪ್ರತ್ಯೇಕ ತಾಲ್ಲೂಕಾಯಿತು. ಚನ್ನಗಿರಿಯ ಅಡಿಕೆ ತೋಟಕ್ಕೂ ಜಗಳೂರಿನ ಮಳೆ ನಂಬಿದ ಹೊಲಕ್ಕೂ ಅಜಗಜಾಂತರ. ಆದರೆ ಮಗುವಿನ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಈ ನಾಲ್ಕು ತಾಲ್ಲೂಕುಗಳ ಪಾಡೂ ಒಂದೇ. ಜ್ವರಕ್ಕೆ, ಹೆರಿಗೆಗೆ, ಗಾಯಕ್ಕೆ ಹತ್ತಿರದ ಸರ್ಕಾರಿ ಆಸ್ಪತ್ರೆ ಆಸರೆಯಾಗುತ್ತದೆ. ಎಳೆಯ ಮಗುವಿಗೆ ಅರಿವಳಿಕೆ ಕೊಟ್ಟು ದೊಡ್ಡ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಊರು ಬಿಡಬೇಕು. ಕೆಲವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಹೋಗುತ್ತಾರೆ; ನ್ಯಾಮತಿಯ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಸಮೀಪ. ಹೃದಯದ ಶಸ್ತ್ರಚಿಕಿತ್ಸೆಯಂಥದಕ್ಕೆ ಬಹುಪಾಲು ಜನ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ.

ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂದರ್ಭಗಳು ನಾವು ಎಣಿಸಿದಷ್ಟು ಅಪರೂಪವಲ್ಲ. ಹರ್ನಿಯಾ, ಸೀಳುತುಟಿ, ಕರುಳಿನ ತೊಡಕು, ಸುಟ್ಟಗಾಯ, ಇವೆಲ್ಲ ನಮ್ಮ ಊರುಗಳಲ್ಲಿಯೂ ಕಾಣುವಂಥವೇ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8 ಅಥವಾ 9 ಮಕ್ಕಳಿಗೆ ಹೃದಯದ ರಚನೆಯಲ್ಲಿ ಒಂದಲ್ಲ ಒಂದು ದೋಷವಿರುತ್ತದೆಂದು ಲೆಕ್ಕ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ಉಳಿದ ರಂಧ್ರ ಇವುಗಳಲ್ಲಿ ಸಾಮಾನ್ಯವಾದದ್ದು. ಸಣ್ಣ ರಂಧ್ರ ಎಷ್ಟೋ ವೇಳೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಶುದ್ಧರಕ್ತ ಮತ್ತೆ ಶ್ವಾಸಕೋಶದ ಕಡೆಗೆ ನುಗ್ಗುತ್ತದೆ. ಮಗು ಹಾಲು ಕುಡಿಯುವಾಗ ಬೆವರುತ್ತದೆ, ಬೇಗ ಏದುತ್ತದೆ, ತೂಕ ಏರುವುದಿಲ್ಲ, ಪದೇ ಪದೇ ಕೆಮ್ಮು ಜ್ವರಗಳಿಗೆ ಗುರಿಯಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುವುದರಿಂದ ಇಂಥ ದೋಷಗಳು ಬೇಗ ಬೆಳಕಿಗೆ ಬರುತ್ತಿವೆ. ನಮ್ಮ ಪುಟ್ಟನ ಎದೆಯ ಸದ್ದಿನಲ್ಲಿ ವ್ಯತ್ಯಾಸವಿದೆಯೆಂದು ಮೊದಲು ಹೇಳಿದ್ದೂ ಅಂಗನವಾಡಿಗೆ ಬಂದ ವೈದ್ಯರೇ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ತುಂಗಭದ್ರೆಯ ದಡದಲ್ಲಿರುವ ನಮಗೆ ಹೊಸದಲ್ಲ. ಶಸ್ತ್ರಚಿಕಿತ್ಸೆ ಮುಗಿದೊಡನೆ ಹೊಳೆ ದಾಟಿದೆವೆಂದು ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ. ನಿಜವಾಗಿ ಆಗ ನಾವಿರುವುದು ನಡುಹೊಳೆಯಲ್ಲಿ. ಇದಕ್ಕೆ ಚರಿತ್ರೆಯಲ್ಲಿ ಮನಕರಗುವ ನಿದರ್ಶನವೊಂದಿದೆ. 1954ರ ಮಾರ್ಚ್ 26ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯರು ಗ್ರೆಗರಿ ಗ್ಲಿಡನ್ ಎಂಬ ಎಳೆಯ ಬಾಲಕನ ಹೃದಯವನ್ನು ತೆರೆದು, ಇಂಥದೇ ರಂಧ್ರವನ್ನು ಹೊಲಿದು ಮುಚ್ಚಿದರು. ಹೃದಯವನ್ನು ತೆರೆದಿರುವಾಗ ಅದರ ಕೆಲಸವನ್ನು ವಹಿಸಿಕೊಳ್ಳಬಲ್ಲ ಯಂತ್ರ ಆಗಿನ್ನೂ ಆ ಆಸ್ಪತ್ರೆಯಲ್ಲಿ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಬಾಲಕನ ತಂದೆಯನ್ನು ಪಕ್ಕದ ಮೇಜಿನ ಮೇಲೆ ಮಲಗಿಸಿ, ಇಬ್ಬರ ರಕ್ತನಾಳಗಳನ್ನೂ ಕೊಳವೆಗಳಿಂದ ಕೂಡಿಸಿದರು. ಮಗನ ರಕ್ತ ತಂದೆಯ ದೇಹವನ್ನು ಹೊಕ್ಕು, ಅಲ್ಲಿ ಶುದ್ಧವಾಗಿ ಮರಳಿತು. ತಂದೆಯ ಹೃದಯವೇ ಮಗನಿಗಾಗಿಯೂ ಮಿಡಿಯಿತು. ರಂಧ್ರ ಚೆನ್ನಾಗಿಯೇ ಮುಚ್ಚಿತು. ಆದರೆ 11ನೆಯ ದಿನ ಆ ಮಗು ನ್ಯೂಮೋನಿಯದಿಂದ ತೀರಿಕೊಂಡಿತು. ಶಸ್ತ್ರ ಗೆದ್ದಿತ್ತು, ಚೇತರಿಕೆಯ ದಿನಗಳು ಕೈಕೊಟ್ಟವು. ಇಂದಿನ ಔಷಧಗಳೂ ಯಂತ್ರಗಳೂ ಬೇರೆ. ಅಪಾಯವೂ ಅಂದಿಗಿಂತ ಬಹಳ ಕಡಮೆ. ಆದರೂ ಚೇತರಿಕೆಯ ದಿನಗಳಿಗೆ ಅವುಗಳದೇ ಆದ ತೂಕವಿದೆಯೆಂಬ ಪಾಠ ಹಳತಾಗಿಲ್ಲ.

ಇನ್ನು ಹೆತ್ತವರ ಅನುಭವಕ್ಕೆ ಬರೋಣ. ಮೊದಲ ಪರೀಕ್ಷೆ ಹಸಿವಿನದು. ಅರಿವಳಿಕೆಗೆ ಮುನ್ನ ಸಾಮಾನ್ಯವಾಗಿ 6 ಗಂಟೆ ಅನ್ನಾಹಾರವನ್ನೂ 4 ಗಂಟೆ ಎದೆಹಾಲನ್ನೂ ಕೊಡಬಾರದೆಂದು ಹೇಳುತ್ತಾರೆ. ನೀರಿಗೆ ವೈದ್ಯರು ಬೇರೆಯೇ ಗಡುವು ತಿಳಿಸುತ್ತಾರೆ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಸಡಿಲವಾಗುವುದರಿಂದ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದು ಪ್ರಾಣಾಪಾಯ. ಈ ಕಾರಣವನ್ನು ಯಾರೂ ಬಿಡಿಸಿ ಹೇಳದಿದ್ದರೆ, ಅಳುವ ಮಗುವಿನ ಬಾಯಿಗೆ ಒಂದು ಬಿಸ್ಕತ್ತು ಇಟ್ಟೇವೆ ಎಂದು ಅಜ್ಜಿಯ ಕರುಳು ಮಿಡಿಯುವುದು ಸಹಜ.

ಎರಡನೆಯ ಪರೀಕ್ಷೆ ತೀವ್ರ ನಿಗಾ ಘಟಕದ ಬಾಗಿಲಲ್ಲಿ. ಒಳಗೆ ಹೋದ ಅಕ್ಕ ಮಗನನ್ನು ಗುರುತಿಸಲಾರದೆ ಒಂದು ಗಳಿಗೆ ನಿಂತುಬಿಟ್ಟಳಂತೆ. ಮುಖ ಊದಿಕೊಂಡಿತ್ತು, ಮೈತುಂಬ ಕೊಳವೆ, ತಂತಿ. ಆಮೇಲೆ ದಾದಿಯೊಬ್ಬರು ಒಂದೊಂದನ್ನೂ ಬೆರಳಿಟ್ಟು ತೋರಿಸಿ ವಿವರಿಸಿದರು. ಬಾಯಲ್ಲಿರುವುದು ಉಸಿರಾಟದ ಯಂತ್ರದ ಕೊಳವೆ. ಅದಿರುವಷ್ಟು ಹೊತ್ತು ಮಗು ಅತ್ತರೂ ಸದ್ದು ಹೊರಡದು. ಎದೆಯ ಬಳಿಯ ಕೊಳವೆ ಒಳಗೆ ಒಸರಿದ ರಕ್ತವನ್ನೂ ನೀರನ್ನೂ ಹೊರಕ್ಕೆ ತರುತ್ತದೆ. ಮೂತ್ರದ ಕೊಳವೆ ಗಂಟೆಗೆಷ್ಟು ಮೂತ್ರವಾಯಿತೆಂದು ಅಳೆಯಲು. ಹೃದಯ ಸರಿಯಾಗಿ ದುಡಿಯುತ್ತಿದೆಯೇ ಎಂಬುದಕ್ಕೆ ಅದೊಂದು ಗುರುತು. ಯಂತ್ರ ಕೂಗಿದಾಗಲೆಲ್ಲ ಗಂಡಾಂತರವೆಂದು ಎಣಿಸಬಾರದು. ಬೆರಳಿನ ತಂತಿ ಜಾರಿದರೂ ಅದು ಕೂಗುತ್ತದೆ. ಇಷ್ಟು ಹೇಳಲು ಅವರಿಗೆ ಐದು ನಿಮಿಷ ಹಿಡಿದಿರಬಹುದು. ಆ ಐದು ನಿಮಿಷದಿಂದ ಅಕ್ಕನ ಕೈನಡುಕ ನಿಂತಿತು. ತಿಳಿವಳಿಕೆಯೂ ಒಂದು ಔಷಧವೆಂಬುದನ್ನು ನಾನು ಕಂಡದ್ದು ಅಂದು.

ಅರಿವಳಿಕೆ ಇಳಿಯುವಾಗ ಕೆಲವು ಮಕ್ಕಳು, ಹೆಚ್ಚಾಗಿ ಶಾಲೆಗೆ ಸೇರುವ ವಯಸ್ಸಿಗಿಂತ ಚಿಕ್ಕವರು, ಕಿರುಚುತ್ತಾರೆ, ಒದೆಯುತ್ತಾರೆ, ತಾಯಿಯನ್ನೇ ದೂರ ತಳ್ಳುತ್ತಾರೆ. ಮಗುವಿನ ಬುದ್ಧಿಗೆ ಏನೋ ಆಯಿತೆಂದು ಹೆತ್ತವರು ಗಾಬರಿಗೊಳ್ಳುತ್ತಾರೆ. ಇದು ಅರಿವಳಿಕೆಯ ಮಂಪರು. ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ತಾನಾಗಿ ತಿಳಿಯಾಗುತ್ತದೆ. ಬಿಗಿಯಾಗಿ ಹಿಡಿಯದೆ, ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯುತ್ತ, ಕೊಳವೆಗಳು ಕಿತ್ತುಹೋಗದಂತೆ ನೋಡಿಕೊಂಡರೆ ಸಾಕು.

ನೋವಿನ ವಿಷಯದಲ್ಲಿ ವೈದ್ಯಶಾಸ್ತ್ರವೇ ಬಹಳ ಕಾಲ ತಪ್ಪು ತಿಳಿದಿತ್ತು. ಹಸುಗೂಸುಗಳಿಗೆ ನೋವಿನ ಅರಿವು ಅಷ್ಟಾಗಿ ಇರುವುದಿಲ್ಲವೆಂಬ ನಂಬಿಕೆಯಿಂದ, ನೋವು ತಡೆಯುವ ಮದ್ದನ್ನು ಅತ್ಯಲ್ಪವಾಗಿ ಕೊಟ್ಟೇ ಅವುಗಳಿಗೆ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಕಾಲವೊಂದಿತ್ತು. ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ನಡೆಸಿದ ಕನ್ವಲ್‌ಜೀತ್ ಆನಂದ್ ಅವರೂ ಅವರ ಸಂಗಡಿಗರೂ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯ ಬುಡವನ್ನು ಅಲುಗಿಸಿತು. ಹೃದಯದ ಬಳಿಯ ರಕ್ತನಾಳವೊಂದನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಒಳಗಾದ, ದಿನ ತುಂಬುವ ಮುನ್ನವೇ ಹುಟ್ಟಿದ ಶಿಶುಗಳಲ್ಲಿ, ಬಲವಾದ ನೋವುನಿವಾರಕ ಪಡೆದವುಗಳ ದೇಹ ಕಡಮೆ ತಲ್ಲಣಗೊಂಡಿತು. ಅನಂತರದ ತೊಡಕುಗಳೂ ಕಡಮೆಯಾದವು. ಮಾತು ಬಾರದ ಮಗುವಿನ ನೋವನ್ನು ಅಳೆಯಲು 1997ರಲ್ಲಿ ಒಂದು ಕ್ರಮ ಪ್ರಕಟವಾಯಿತು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಗೊಳ್ಳುವ ಬಗೆ, ಈ ಐದಕ್ಕೆ ತಲಾ 0ಯಿಂದ 2ರವರೆಗೆ ಅಂಕ ಕೊಟ್ಟು ಒಟ್ಟು 10ರಲ್ಲಿ ಎಣಿಸುತ್ತಾರೆ. ಗಂಟಿಕ್ಕಿದ ಹುಬ್ಬು, ಮಡಚಿಕೊಂಡ ಕಾಲು, ಎತ್ತಿಕೊಂಡರೂ ನಿಲ್ಲದ ಅಳು, ಇವನ್ನು ಎಲ್ಲರಿಗಿಂತ ಮೊದಲು ಕಾಣುವವಳು ತಾಯಿ. 'ಇವತ್ತಿನ ಅಳು ದಿನದ ಅಳುವಿನಂತಿಲ್ಲ' ಎಂದು ಆಕೆ ಹೇಳಿದರೆ ಅದನ್ನು ಹೆದರಿದ ಹೆಂಗಸಿನ ಮಾತೆಂದು ತಳ್ಳಿಹಾಕಲಾಗದು. ಅದೂ ಒಂದು ಪರೀಕ್ಷಾ ವರದಿ.

ಅಳುವ ಮಗುವಿಗಿಂತ ಹೆಚ್ಚು ಗಮನಿಸಬೇಕಾದದ್ದು ಸುಮ್ಮನಿರುವ ಮಗುವನ್ನು. ಈ ಮಾತು ವಿಚಿತ್ರವೆನಿಸಬಹುದು. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಯ ಮಕ್ಕಳನ್ನು ವರ್ಷಗಟ್ಟಲೆ ನೋಡಿ, 1952ರಲ್ಲಿ ಒಂದು ಚಲನಚಿತ್ರವನ್ನು ಹೊರತಂದರು. ಹೊಕ್ಕುಳ ಹರ್ನಿಯಾದ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಕಥೆ ಅದು. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹೆತ್ತವರಿಗೆ ಭೇಟಿಯ ವೇಳೆ ಬಲು ಕಡಮೆ. ತಾಯಿಯಿಂದ ಅಗಲಿದ ಎಳೆಯ ಮಗು ಮೊದಲು ಪ್ರತಿಭಟಿಸಿ ಅಳುತ್ತದೆ. ಅನಂತರ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವಷ್ಟು ದೂರವಾಗುತ್ತದೆ. ಎರಡನೆಯ ಮೂರನೆಯ ಘಟ್ಟದ ಮೌನವನ್ನು ಕಂಡ ವಾರ್ಡಿನವರು 'ಮಗು ಹೊಂದಿಕೊಂಡಿತು' ಎಂದು ತೃಪ್ತಿಪಡುತ್ತಿದ್ದರು. ಆ ತೃಪ್ತಿಯನ್ನು ಪ್ರಶ್ನಿಸಿದವರು ರಾಬರ್ಟ್‌ಸನ್. ಅವರಿಗೂ ಮೊದಲೇ, 1925ರಷ್ಟು ಹಿಂದೆ, ನ್ಯೂಕ್ಯಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು ತಾಯಂದಿರನ್ನೂ ಮಗುವಿನೊಡನೆ ಸೇರಿಸಿಕೊಳ್ಳಲು ಆರಂಭಿಸಿದ್ದರು. 1959ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಪ್ಲ್ಯಾಟ್ ಸಮಿತಿ, ಹೆತ್ತವರ ಭೇಟಿಗೆ ನಿರ್ಬಂಧವಿರಬಾರದು, ಎಳೆಯ ಮಕ್ಕಳೊಡನೆ ತಾಯಿ ಉಳಿಯಲು ಅವಕಾಶವಿರಬೇಕು ಎಂದು ಶಿಫಾರಸು ಮಾಡಿತು.

ನಮ್ಮ ನಾಡಿನ ಸಾಮಾನ್ಯ ವಾರ್ಡುಗಳಲ್ಲಿ ತಾಯಿ ಮಗುವಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡಿರುವುದು ಹಿಂದಿನಿಂದಲೂ ಇರುವುದೇ. ಆದರೆ ಅಲ್ಲಿ ಆಕೆಗೆ ಇನ್ನೂ ಅತಿಥಿಯ ಸ್ಥಾನವೂ ಸರಿಯಾಗಿ ಸಿಕ್ಕಿಲ್ಲ. ಒಂದು ಆಸ್ಪತ್ರೆಯಲ್ಲಿ, ಅದರ ಹೆಸರು ಬೇಡ, ಡ್ರೆಸ್ಸಿಂಗ್ ಬದಲಿಸುವಾಗಲೆಲ್ಲ 'ತಾಯಂದಿರೆಲ್ಲ ಹೊರಗೆ' ಎಂದು ಗದರಿ ಕಳಿಸುತ್ತಿದ್ದರು. ಬಾಗಿಲ ಹೊರಗೆ ಅಕ್ಕ, ಒಳಗೆ 'ಅವ್ವಾ' ಎಂಬ ಕೂಗು. ಮೂರನೆಯ ದಿನ ಪುಟ್ಟ ಕೂಗಲಿಲ್ಲ. 'ಈಗ ಜಾಣನಾದ' ಎಂದರು ಆಯಾ. ಆ ಸಂಜೆ ಅವನು ಅಕ್ಕನ ಕೈಯಿಂದ ಹಾಲನ್ನೂ ಕುಡಿಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಮರುದಿನ ಬೇರೊಬ್ಬ ಹಿರಿಯ ದಾದಿ ಅಕ್ಕನನ್ನು ಒಳಗೇ ನಿಲ್ಲಿಸಿಕೊಂಡು, ಮಗುವಿನ ಕೈಯನ್ನು ಆಕೆಯ ಕೈಯಲ್ಲಿಟ್ಟು, 'ಸ್ವಲ್ಪ ಉರಿಯುತ್ತದೆ ಕಂದ, ಹತ್ತು ಎಣಿಸುವುದರೊಳಗೆ ಆಯಿತು' ಎಂದು ನಿಜವನ್ನೇ ಹೇಳಿ ಕೆಲಸ ಮುಗಿಸಿದರು. ಅವನು ಗಟ್ಟಿಯಾಗಿ ಅತ್ತ. ಅಕ್ಕನಿಗೆ ಆ ಅಳು ಕೇಳಿ ಜೀವ ಬಂದಂತಾಯಿತು. ನೋವಾಗುವುದಿಲ್ಲವೆಂದು ಸುಳ್ಳು ಹೇಳಿದರೆ ಮುಂದಿನ ಸಲ ಮಗು ಯಾರನ್ನೂ ನಂಬದು. ನಿಜ ಹೇಳಿ ಜೊತೆಗಿದ್ದರೆ ನೋವನ್ನು ತಾಳುತ್ತದೆ.

ವಾರ್ಡಿಗೆ ಬಂದ ಮೇಲೆ ಹೆತ್ತವರ ಕೈಯಲ್ಲೇ ಆಗಬೇಕಾದ ಕೆಲಸಗಳು ಹಲವು. ಎದೆಯ ನೋವಿಗೆ ಹೆದರಿ ಮಗು ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಂತರೆ ನ್ಯೂಮೋನಿಯಕ್ಕೆ ದಾರಿ. ಆದ್ದರಿಂದ ಸೋಪಿನ ಗುಳ್ಳೆ ಊದಿಸುವುದು, ಕಾಗದದ ಗಿರಗಿಟ್ಟಲೆ ತಿರುಗಿಸುವುದು, ದಿಂಬನ್ನು ಎದೆಗಪ್ಪಿಸಿ ಕೆಮ್ಮಿಸುವುದು ಆಟದಂತೆ ಕಂಡರೂ ಚಿಕಿತ್ಸೆಯೇ. ಎದೆಯ ನಡುವಿನ ಎಲುಬನ್ನು ಸೀಳಿ ಶಸ್ತ್ರಚಿಕಿತ್ಸೆ ಮಾಡಿದ್ದರೆ ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತಬಾರದು, ಕೈಹಿಡಿದು ಜಗ್ಗಬಾರದು. ಒಂದು ಕೈಯನ್ನು ಕುಂಡೆಯ ಕೆಳಗೂ ಇನ್ನೊಂದನ್ನು ಬೆನ್ನಿನ ಹಿಂದೆಯೂ ಕೊಟ್ಟು ಬಾಚಿ ಎತ್ತಿಕೊಳ್ಳಬೇಕು. ನೋಡಲು ಬಂದ ನೆಂಟರಿಗೆಲ್ಲ ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಗಾಯವನ್ನು ಶುಚಿಯಾಗಿಯೂ ಒಣಗಿಸಿಯೂ ಇಡಬೇಕು. ಅರಿಸಿನ, ವಿಭೂತಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಜ್ವರ, ಗಾಯದ ಸುತ್ತ ಕೆಂಪು ಅಥವಾ ಕೀವು, ಏದುಸಿರು, ತುಟಿ ನೀಲಿಗಟ್ಟುವುದು, ನಿಲ್ಲದ ವಾಂತಿ, ಹಾಲು ಊಟ ಬಿಡುವುದು, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ವೈದ್ಯರ ಬಳಿಗೆ ಓಡಬೇಕು. ಔಷಧದ ಪ್ರಮಾಣ ಮಗುವಿನ ತೂಕಕ್ಕೆ ಹೊಂದಿಕೊಂಡಿರುವುದರಿಂದ ಪಕ್ಕದ ಮನೆಯ ಮಗುವಿನ ಸೀಸೆ ನಮ್ಮ ಮಗುವಿಗಾಗದು.

ಮನೆಗೆ ಬಂದ ಮೇಲೂ ಮಗು ಹಳೆಯ ಮಗುವಾಗಿರುವುದಿಲ್ಲ. ಬಿಟ್ಟಿದ್ದ ಹಾಸಿಗೆ ಒದ್ದೆಯ ಅಭ್ಯಾಸ ಮರಳಬಹುದು. ರಾತ್ರಿ ಬೆಚ್ಚಿ ಏಳಬಹುದು. ತಾಯಿ ಹಿತ್ತಲಿಗೆ ಹೋದರೂ ಸೆರಗು ಬಿಡದೆ ಹೋಗಬಹುದು. ನಮ್ಮ ಪುಟ್ಟ ಬಿಳಿಯ ಅಂಗಿ ತೊಟ್ಟ ಹಾಲಿನವನನ್ನು ಕಂಡು ಮಂಚದಡಿ ಅವಿತುಕೊಂಡಿದ್ದ. ಇದು ಹಟವಲ್ಲ, ದೆವ್ವದ ಚೇಷ್ಟೆಯೂ ಅಲ್ಲ. ಹೊಡೆತಕ್ಕೂ ತಾಯಿತಕ್ಕೂ ಇಲ್ಲಿ ಕೆಲಸವಿಲ್ಲ. ಎಂದಿನ ಊಟ, ಎಂದಿನ ನಿದ್ದೆ, ಎಂದಿನ ಆಟ ದೊರೆತರೆ ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಇದು ಇಳಿಯುತ್ತದೆ. ತಿಂಗಳುಗಳಾದರೂ ಇಳಿಯದಿದ್ದರೆ ವೈದ್ಯರಿಗೆ ಹೇಳಬೇಕು. ಗೊಂಬೆಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟುವ ಆಟ ಆಡುತ್ತಿದ್ದರೆ ಆಡಲು ಬಿಡಬೇಕು. ಮಗು ತನ್ನ ಭಯವನ್ನು ಅರಗಿಸಿಕೊಳ್ಳುವ ಬಗೆ ಅದು.

ಮಗುವಿನ ಮಾತಾಯಿತು, ಹೆತ್ತವರ ಚೇತರಿಕೆಯ ಮಾತೇನು? ತಾಯಿಯ ಮೇಲೆ ಬೀಳುವ ಮೊದಲ ಹೊರೆ ದೂಷಣೆಯದು. 'ಗ್ರಹಣದ ದಿನ ಹೊರಗೆ ಬಂದಿದ್ದಳು' ಎಂಬ ಮಾತನ್ನು ಅಕ್ಕ ವಾರ್ಡಿನಲ್ಲೇ ಕೇಳಬೇಕಾಯಿತು. ಗ್ರಹಣಕ್ಕೂ ಹೃದಯದ ರಂಧ್ರಕ್ಕೂ ಸೀಳುತುಟಿಗೂ ಏನೇನೂ ಸಂಬಂಧವಿಲ್ಲ. ಹತ್ತಿರದ ರಕ್ತಸಂಬಂಧದ ಮದುವೆ, ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾದಂಥ ಸೋಂಕು, ತಾಯಿಯ ಸಕ್ಕರೆ ಕಾಯಿಲೆ, ಇವು ಇಂಥ ದೋಷಗಳ ಸಂಭವವನ್ನು ಹೆಚ್ಚಿಸುತ್ತವೆ, ನಿಜ. ಆದರೂ ಬಹುಪಾಲು ಮಕ್ಕಳ ವಿಷಯದಲ್ಲಿ ಇಂಥದೇ ಒಂದು ಕಾರಣವೆಂದು ಬೆರಳಿಟ್ಟು ತೋರಿಸಲು ವೈದ್ಯರಿಗೂ ಆಗುವುದಿಲ್ಲ. ಹೀಗಿರುವಾಗ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟ ತಾಯಿಯ ಮೇಲೆ ತೀರ್ಪು ಕೊಡಲು ನಾವು ಯಾರು?

ತಂದೆಯ ಕಷ್ಟ ಬೇರೆ ಬಗೆಯದು. ಅದು ಕಣ್ಣಿಗೆ ಬೀಳುವುದೂ ಇಲ್ಲ. ವಾರ್ಡಿಗೆ ಒಬ್ಬರಿಗೆ ಮಾತ್ರ ಪಾಸು. ಭಾವ ರಾತ್ರಿಯೆಲ್ಲ ಆಸ್ಪತ್ರೆಯ ಜಗಲಿಯಲ್ಲಿ ಟವೆಲು ಹಾಸಿ ಮಲಗಿ, ಹಗಲು ರಕ್ತ, ಔಷಧ, ಕಾಗದಪತ್ರವೆಂದು ಓಡಾಡಿದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಜಾರಿಯಲ್ಲಿದೆ, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ವೆಚ್ಚವನ್ನು ಅದು ಹೊರುತ್ತದೆ. ಅದಿಲ್ಲದಿದ್ದರೆ ನಮ್ಮವರು ಹೊಲ ಮಾರಬೇಕಾಗುತ್ತಿತ್ತು. ಆದರೆ ಬೆಂಗಳೂರಿನ ಎರಡು ಹೊತ್ತಿನ ಊಟ, ಬಸ್ಸಿನ ಚಾರ್ಜು, ತಪ್ಪಿದ ಕೂಲಿ, ಮುರಿಯುವವರಿಲ್ಲದೆ ಹೊಲದಲ್ಲೇ ನಿಂತ ಮೆಕ್ಕೆಜೋಳ, ಅಜ್ಜಿಯ ಬಳಿ ಬಿಟ್ಟು ಬಂದ ದೊಡ್ಡ ಮಗಳ ಅಳು, ಇವು ಯಾವ ಕಾರ್ಡಿಗೂ ಸೇರುವುದಿಲ್ಲ. ಏಳನೆಯ ದಿನ ನಾನು ಬಲವಂತದಿಂದ ಅಕ್ಕನನ್ನು ಹೊರಗೆ ಮಲಗಲು ಕಳಿಸಿದೆ. ಭಾವ ಮೊದಲ ಸಲ ಮಗನ ಪಕ್ಕದಲ್ಲಿ ರಾತ್ರಿ ಕುಳಿತರು. ಬೆಳಗ್ಗೆ ಪುಟ್ಟ ಅಪ್ಪನ ಕೈಯಿಂದ ಇಡ್ಲಿ ತಿನ್ನುತ್ತಿದ್ದ. ಆಸ್ಪತ್ರೆಯ ಆರೈಕೆ ಹೆಂಗಸಿನ ಕೆಲಸವೆಂಬ ನಮ್ಮ ರೂಢಿಯಿಂದ ತಾಯಿ ಬಳಲುತ್ತಾಳೆ, ತಂದೆ ಹೊರಗಿನವನಾಗುತ್ತಾನೆ. ಇಬ್ಬರೂ ಸರದಿಯ ಮೇಲೆ ಕುಳಿತರೆ ಇಬ್ಬರಿಗೂ ನಿದ್ದೆಯುಂಟು, ಮಗುವಿಗೆ ಇಬ್ಬರೂ ಉಂಟು.

ಸಹಪಾಠಿಗಳೆ, ನಾವು ವೈದ್ಯರಾಗದಿದ್ದರೂ ಈ ಕೆಲಸದಲ್ಲಿ ನಮಗೆ ಪಾಲಿದೆ. ನಮ್ಮ ಊರಿನಿಂದ ಒಂದು ಮಗು ದೂರದ ಆಸ್ಪತ್ರೆಗೆ ಹೋದಾಗ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಹೊಂದಿಸಿಕೊಡಬಹುದು, ರಕ್ತದಾನ ಮಾಡಬಹುದು, ವೈದ್ಯರು ಹೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕದೊಡನೆ ಬರೆದುಕೊಟ್ಟು, ಮರುಭೇಟಿಯ ದಿನವನ್ನು ನೆನಪಿಸಬಹುದು. ಮನೆಯಲ್ಲಿ ಉಳಿದ ಅಣ್ಣನನ್ನೋ ಅಕ್ಕನನ್ನೋ ಶಾಲೆಗೆ ಕರೆದೊಯ್ದು, ಅವರ ಮನೆಪಾಠ ನೋಡಬಹುದು. ನೋಡಲು ಹೋಗುವುದಾದರೆ ಹಣ್ಣಿನ ಚೀಲಕ್ಕಿಂತ ಎರಡು ಗಂಟೆಯ ಬಿಡುವನ್ನು ಕೊಂಡೊಯ್ಯೋಣ. 'ನೀವು ಹೋಗಿ ಸ್ನಾನ ಮಾಡಿ ಬನ್ನಿ, ನಾನು ಕೂತಿರುತ್ತೇನೆ' ಎಂಬ ಒಂದು ಮಾತು ಅವರಿಗೆ ಎಷ್ಟು ಬೇಕಾಗಿರುತ್ತದೆಂಬುದನ್ನು ಅಲ್ಲಿದ್ದವರು ಬಲ್ಲರು. ಮಗುವಿನ ಗಾಯವನ್ನು ಹೊಲಿಯುವ ವಿದ್ಯೆ ಕೆಲವರಿಗೆ ಮಾತ್ರ ಒಲಿದೀತು. ಆ ಗಾಯ ಮಾಯುವವರೆಗೆ ಹೆತ್ತವರು ಕುಸಿಯದಂತೆ ಹಿಡಿಯುವ ಕೆಲಸ ನಮ್ಮೆಲ್ಲರ ಕೈಗೂ ನಿಲುಕುವಂಥದು.